ಎರಡು ಒಲೆ, ಒಂದು ಪಂಪು, ಸುಳ್ಳು ಹೇಳುವ ಸ್ವಿಚ್ಚು

ಆಫ್ ಮಾಡಿದ ಮೇಲೂ ಆಫ್ ಆಗದ ಸ್ವಿಚ್ಚಿಗಿಂತ ಸ್ವಿಚ್ಚೇ ಇಲ್ಲದಿರುವುದು ವಾಸಿ. ಸ್ವಿಚ್ಚಿಲ್ಲದ ತಂತಿಯನ್ನು ಯಾರೂ ನಂಬುವುದಿಲ್ಲ, ಟೆಸ್ಟರ್ ಇಟ್ಟು ನೋಡಿಯೇ ಮುಟ್ಟುತ್ತಾರೆ. ಸ್ವಿಚ್ಚಿದ್ದರೆ ಒತ್ತುತ್ತಾರೆ, ನಂಬುತ್ತಾರೆ, ಕೈ ಹಾಕುತ್ತಾರೆ. ಅಮೆರಿಕದ ಚಳಿಸೀಮೆಯ ನೆಲಮಾಳಿಗೆಗಳಲ್ಲಿ ಇಂಥ ಸುಳ್ಳು ಸ್ವಿಚ್ಚುಗಳನ್ನು ತಮ್ಮ ಕೈಯಾರೆ ತಯಾರು ಮಾಡಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಜನರ ಮೇಲೆ ನನಗೆ ಕೋಪವಿದೆ. ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ, ಅದೂ ಎಂಜಿನಿಯರ್‌ಗಳು. ಹಾಗಾಗಿ ಕನ್ನಡದಲ್ಲೇ ಬೈಯುತ್ತೇನೆ.

ಬೆಂಗಳೂರಿನಲ್ಲಿ ಕೂತು ಓದುವವರಿಗೆ ಮೊದಲು ವಿಷಯ ಹೇಳಬೇಕು. ಮೇನ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಕಡೆಯ ಹಳೆಯ ಮನೆಗಳಲ್ಲಿ ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಏರ್ಪಾಡು ನಮ್ಮ ಬಚ್ಚಲ ಹಂಡೆಯ ದೊಡ್ಡಣ್ಣ ಅಂದುಕೊಳ್ಳಿ. ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್. ಅದರಲ್ಲಿ ನೀರು ಕಾಯುತ್ತೆ. ಕಾದ ನೀರು ಗೋಡೆಯ ಬುಡದಲ್ಲಿ ಓಡಿಸಿರುವ ಕೊಳವೆಗಳಲ್ಲಿ ಮನೆಯೆಲ್ಲ ಸುತ್ತಿ, ಶಾಖ ಕೊಟ್ಟು, ತಣ್ಣಗಾಗಿ ವಾಪಸ್ಸು ಬರುತ್ತೆ. ಸುತ್ತಿಸುವುದಕ್ಕೆ ಒಂದು ಪಂಪು. ಇಲ್ಲಿನವರು ಸರ್ಕ್ಯುಲೇಟರ್ ಅನ್ನುತ್ತಾರೆ. ನಮ್ಮ ಬೋರ್‌ವೆಲ್ ಮೋಟರ್ ನೋಡಿದ ಕಣ್ಣಿಗೆ ಇದು ಆಟದ ಸಾಮಾನು. ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ, ಸಾಧಾರಣ ಮನೆಯ ಪಂಪಿಗೆ ಇಪ್ಪತ್ತೈದರಲ್ಲಿ ಒಂದು ಅಶ್ವಶಕ್ತಿ ಇದ್ದರೆ ಹೆಚ್ಚು. ಹಳೇ ಕಾಲದ ಬಲ್ಬಿನಷ್ಟು ಕರೆಂಟು ಕುಡಿಯುತ್ತೆ. ಆದರೆ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇರುವ ರಾತ್ರಿ ಈ ಪುಟ್ಟ ಪಂಪು ನಿಂತರೆ ಕೊಳವೆಯ ನೀರು ಹೆಪ್ಪುಗಟ್ಟಿ, ಕೊಳವೆ ಸೀಳಿ, ಬೆಳಿಗ್ಗೆ ಹೊತ್ತಿಗೆ ಮನೆ ಈಜುಕೊಳ.

ಈ ಬಾಯ್ಲರ್ ಉರಿಯುವುದು ಎಣ್ಣೆಯಲ್ಲಿ. ಡೀಸೆಲ್ಲಿನ ತಮ್ಮನಂಥ ಎಣ್ಣೆ, ಟ್ಯಾಂಕರ್ ಬಂದು ತುಂಬಿಸಿ ಹೋಗುತ್ತೆ. 1973ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಎಣ್ಣೆ ಬೆಲೆ ಹಾರಿದಾಗ ಇಲ್ಲಿನ ಜನ ಮನೆ ಹಿಂದಿನ ಕಾಡು ನೋಡಿದರು, ಕಟ್ಟಿಗೆ ಬಾಯ್ಲರ್ ತಂದರು. 2008ರ ಜುಲೈಯಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದಾಗ ಅದೇ ಕಥೆ. ಎಣ್ಣೆ ಬಾಯ್ಲರ್ ತೆಗೆದು ಹಾಕುವುದಿಲ್ಲ, ಅದರ ಪಕ್ಕಕ್ಕೆ ಕಟ್ಟಿಗೆಯದನ್ನು ನಿಲ್ಲಿಸುತ್ತಾರೆ. ಕಟ್ಟಿಗೆ ಉರಿಯುವಷ್ಟು ಹೊತ್ತು ಅದರ ಬಿಸಿ, ಆರಿದರೆ ಎಣ್ಣೆ. ಲೆಕ್ಕಾಚಾರ ಚೆನ್ನಾಗಿದೆ, ನನ್ನ ತಕರಾರಿಲ್ಲ. ಊರಲ್ಲಿ ಅಡಿಕೆ ಹಾಳೆ, ತೆಂಗಿನ ಗರಿ ಒಟ್ಟಿ ಹಂಡೆ ಕಾಯಿಸಿದ ಅಜ್ಜಿಯರ ಮೊಮ್ಮಕ್ಕಳು ನಾವು, ನಮಗೆ ಕಟ್ಟಿಗೆಯ ಬುದ್ಧಿ ಯಾರೂ ಹೇಳಿಕೊಡಬೇಕಿಲ್ಲ.

ತಕರಾರು ಇರುವುದು ಪಂಪಿನ ಹತ್ತಿರ. ಒಲೆ ಎರಡಾದವು, ಸುತ್ತುವ ಕೊಳವೆ ಅದೇ, ಪಂಪೂ ಅದೇ. ಎಣ್ಣೆ ಬಾಯ್ಲರಿನ ಮೇಲೆ ಒಂದು ಕಂಟ್ರೋಲ್ ಡಬ್ಬಿ ಇರುತ್ತೆ, ಅಕ್ವಾಸ್ಟ್ಯಾಟ್ ಅಂತ. ಮೇಲಿನ ಕೋಣೆಯ ಥರ್ಮೋಸ್ಟ್ಯಾಟ್ 24 ವೋಲ್ಟಿನ ಸಣ್ಣ ತಂತಿಯಲ್ಲಿ 'ಚಳಿಯಾಗ್ತಿದೆ' ಅಂದರೆ, ಡಬ್ಬಿಯೊಳಗಿನ ರಿಲೇ ಟಕ್ ಅಂದು ಬರ್ನರಿಗೂ ಪಂಪಿಗೂ 120 ವೋಲ್ಟ್ ಕೊಡುತ್ತೆ. ಪಂಪಿಗೆ ಹೋಗುವ ಟರ್ಮಿನಲ್ ಹೆಸರು ಹೆಚ್ಚಾಗಿ ಸಿ1. ಕಟ್ಟಿಗೆ ಬಾಯ್ಲರಿನ ಮೈಗೂ ಇಂಥದ್ದೇ ಒಂದು ಅಕ್ವಾಸ್ಟ್ಯಾಟ್. ನೀರು ಸಾಕಷ್ಟು ಕಾದರೆ ಅದರ ಸಂಪರ್ಕ ಮುಚ್ಚಿಕೊಂಡು ಅದೂ ಪಂಪಿಗೆ 120 ವೋಲ್ಟ್ ಕೊಡಬೇಕು. ಎರಡು ಕಡೆಯಿಂದ ಎರಡು ತಂತಿ ಬಂತು, ಪಂಪು ಒಂದು. ಏನು ಮಾಡೋಣ?

ಶನಿವಾರದ ಎಂಜಿನಿಯರ್ ಏನು ಮಾಡುತ್ತಾನೆ ಅಂದರೆ, ಎರಡೂ ಕಪ್ಪು ತಂತಿಯನ್ನು ಸೇರಿಸಿ, ತಿರುಚಿ, ಮೇಲೊಂದು ಹಳದಿ ಪ್ಲಾಸ್ಟಿಕ್ ಟೋಪಿ ತೊಡಿಸಿ, ಡಬ್ಬಿ ಮುಚ್ಚುತ್ತಾನೆ. (ಅಂದ ಹಾಗೆ, ಇಲ್ಲಿ ಕಪ್ಪು ತಂತಿ ಅಂದರೆ ಫೇಸ್, ಬಿಳಿ ನ್ಯೂಟ್ರಲ್. ನಮ್ಮಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಸ್ವಿಚ್ಚು ಕೂಡ ಉಲ್ಟಾ, ಇಲ್ಲಿ ಕೆಳಗೆ ತಳ್ಳಿದರೆ ಆಫ್. ಊರಿನ ಕೈ ಅಭ್ಯಾಸ ಇಟ್ಟುಕೊಂಡು ಇಲ್ಲಿನ ಡಬ್ಬಿ ಬಿಚ್ಚುವವರು ಇದನ್ನು ಮೊದಲು ಹಣೆಗೆ ಬರೆದುಕೊಳ್ಳಿ.) ಎಣ್ಣೆ ಹೇಳಿದರೂ ಪಂಪು ಓಡುತ್ತೆ, ಕಟ್ಟಿಗೆ ಹೇಳಿದರೂ ಓಡುತ್ತೆ. ಕೆಲಸ ಮುಗೀತು, ಕಾಫಿ ಆಯಿತು.

ಹೋದ ವರ್ಷ ಪರಿಚಯದವರ ಮನೆಯಲ್ಲಿ ಯುಗಾದಿ ಊಟ. ಒಬ್ಬಟ್ಟು ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮನೆ ಯಜಮಾನ ಭುಜ ಹಿಡಿದ. "ಬಾರೋ, ಬೇಸ್‌ಮೆಂಟ್ ತೋರಿಸ್ತೀನಿ. ಪೂರ್ತಿ ನಾನೇ ಮಾಡಿದ್ದು." ಕೊಳವೆಗಳ ಬೆಸುಗೆ ನಿಜಕ್ಕೂ ಚೆಂದ ಇತ್ತು, ಹೊಗಳಿದೆ. ಪಂಪಿನ ಹತ್ತಿರ ಬಂದಾಗ, ಎರಡು ಫೀಡ್ ಎಲ್ಲಿ ಸೇರುತ್ತೆ ಅಂತ ಕೇಳಿದೆ. "ಇಲ್ಲೇ ಈ ಡಬ್ಬೀಲಿ ಸೇರ್ಸಿದೀನಿ." ರಿಲೇ? "ರಿಲೇ ಯಾಕೆ ಗುರೂ? ಓಆರ್ ಗೇಟ್ ತಾನೇ? ಎರಡು ವೈರ್ ಸೇರಿಸಿದ್ರೆ ಅದೇ ಓಆರ್ ಗೇಟ್." ನಗುತ್ತಾ ಹೇಳಿದ. ಚಿಪ್ ಡಿಸೈನಿನಲ್ಲಿ ಹದಿನೈದು ವರ್ಷ ಅನುಭವ ಇರುವ ಮನುಷ್ಯ. ಎರಡು ಔಟ್‌ಪುಟ್ ಪಿನ್ನನ್ನು ನೇರವಾಗಿ ಕಟ್ಟಿದ ಜೂನಿಯರ್ ಸಿಕ್ಕಿದ್ದರೆ ಆಫೀಸಿನಲ್ಲಿ ಅವನ ಗತಿ ಏನು ಮಾಡುತ್ತಿದ್ದನೋ!

ಈಗ ಆ ಹಳದಿ ಟೋಪಿಯ ಕೆಳಗೆ ನಿಜವಾಗಿ ಏನಾಗುತ್ತಿದೆ ನೋಡೋಣ. ಸ್ವಲ್ಪ ತಾಳ್ಮೆ ಇರಲಿ, ಇಡೀ ಜಗಳ ಇಲ್ಲೇ ಇದೆ.

ಅಮೆರಿಕದ ಮನೆಗೆ ಕಂಬದಿಂದ ಎರಡು ಫೇಸ್ ತಂತಿ ಬರುತ್ತವೆ, ನಡುವೆ ನ್ಯೂಟ್ರಲ್. ಯಾವುದೇ ಒಂದರಿಂದ ನ್ಯೂಟ್ರಲ್ಲಿಗೆ 120, ಎರಡರ ನಡುವೆ 240. ಪ್ಯಾನೆಲ್ಲಿನಲ್ಲಿ ಬ್ರೇಕರ್ ಒಂದರ ಕೆಳಗೆ ಒಂದು ಕೂತಿರುತ್ತಲ್ಲ, ಅವು ಒಂದು ಬಿಟ್ಟು ಒಂದರಂತೆ ಬೇರೆ ಬೇರೆ ಫೇಸಿಗೆ ಸೇರಿರುತ್ತವೆ. ಎಣ್ಣೆ ಬಾಯ್ಲರ್ ಒಂದು ಫೇಸಿನಲ್ಲಿ, ಕಟ್ಟಿಗೆ ಬಾಯ್ಲರ್ ಇನ್ನೊಂದರಲ್ಲಿ ಇದ್ದರೆ, ಎರಡೂ ಒಟ್ಟಿಗೆ ಪಂಪು ಕೇಳಿದ ಕ್ಷಣ 240 ವೋಲ್ಟಿನ ಶಾರ್ಟ್ ಸರ್ಕ್ಯೂಟ್. ಫಟ್! ಬ್ರೇಕರ್ ಬೀಳುತ್ತೆ, ಇಲ್ಲವೇ ಅದಕ್ಕೂ ಮೊದಲು ರಿಲೇಯ ಸಂಪರ್ಕ ಬೆಸೆದುಕೊಂಡು ಹೋಗುತ್ತೆ. ನನ್ನ ಪ್ರಕಾರ ಇವರು ಪುಣ್ಯವಂತರು. ಮೊದಲ ವಾರದಲ್ಲೇ ಮನೆ ಇವರಿಗೆ ಬೈದು ಹೇಳಿತು. ಆಮೇಲೆ ಅವರು ಏನು ಮಾಡ್ತಾರೆ ಗೊತ್ತಾ? ಒಂದು ಬ್ರೇಕರನ್ನು ಕಿತ್ತು ಒಂದು ಮನೆ ಕೆಳಗಿಳಿಸಿ ಕೂರಿಸುತ್ತಾರೆ. ಎರಡೂ ಒಂದೇ ಫೇಸಿಗೆ ಬಂತು, ಫಟ್ ಅನ್ನುವುದು ನಿಂತಿತು. 'ಪ್ರಾಬ್ಲಮ್ ಸಾಲ್ವ್ಡ್' ಅಂತ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಬೀಳುತ್ತೆ. ಬೊಗಳುತ್ತಿದ್ದ ನಾಯಿಯ ಬಾಯಿ ಕಟ್ಟಿದರು, ಅಷ್ಟೇ. ಕಳ್ಳ ಒಳಗೇ ಇದ್ದಾನೆ.

ಒಂದೇ ಫೇಸಿನಲ್ಲಿ ಇರುವಾಗಿನ ಕಥೆ ಕೇಳಿ. ಈ ಕಡೆಯ ಮನೆಗಳಲ್ಲಿ ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ಒಂದು ಕೆಂಪು ಫಲಕದ ಸ್ವಿಚ್ಚು ಇರುತ್ತೆ. ಎಣ್ಣೆ ಬರ್ನರಿನ ತುರ್ತು ಸ್ವಿಚ್ಚು. ಹೊಗೆ ಬಂದರೆ, ವಾಸನೆ ಬಂದರೆ, ಕೆಳಗಿಳಿಯದೆ ಅದನ್ನು ಆಫ್ ಮಾಡಬೇಕು. ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಈಗ, ಚಳಿಯ ಸಂಜೆ. ಥರ್ಮೋಸ್ಟ್ಯಾಟ್ ಶಾಖ ಕೇಳುತ್ತಿದೆ, ಎಣ್ಣೆ ಡಬ್ಬಿಯ ರಿಲೇ ಮುಚ್ಚಿದೆ. ಕಟ್ಟಿಗೆಯೂ ಉರಿಯುತ್ತಿದೆ, ಅದರ ಅಕ್ವಾಸ್ಟ್ಯಾಟೂ ಮುಚ್ಚಿದೆ. ನೀವು ಕೆಂಪು ಸ್ವಿಚ್ಚು ಆಫ್ ಮಾಡುತ್ತೀರಿ. ಎಣ್ಣೆ ಬಾಯ್ಲರಿಗೆ ಮುಂಬಾಗಿಲಿನಿಂದ ಬರುವ ಕರೆಂಟು ನಿಂತಿತು. ಆದರೆ ಕಟ್ಟಿಗೆ ಬಾಯ್ಲರಿನ ಬ್ರೇಕರಿನಿಂದ ಹೊರಟ 120 ವೋಲ್ಟು ಹಳದಿ ಟೋಪಿಗೆ ಬಂದು, ಅಲ್ಲಿಂದ ಪಂಪಿಗೂ ಹೋಗಿ, ಸಿ1 ತಂತಿಯಲ್ಲಿ ಹಿಮ್ಮುಖವಾಗಿ ಎಣ್ಣೆ ಡಬ್ಬಿಗೂ ಬಂದು, ಮುಚ್ಚಿಯೇ ಇರುವ ರಿಲೇ ದಾಟಿ, ಒಳಗಿನ ಟ್ರಾನ್ಸ್‌ಫಾರ್ಮರಿಗೆ ಸೇರುತ್ತೆ. ಟ್ರಾನ್ಸ್‌ಫಾರ್ಮರ್ ಜೀವಂತ, ಆದ್ದರಿಂದ 24 ವೋಲ್ಟು ಜೀವಂತ, ಆದ್ದರಿಂದ ರಿಲೇ ತನ್ನನ್ನು ತಾನೇ ಹಿಡಿದುಕೊಂಡು ಕೂತಿದೆ. ಹಳೆಯ ರಿಲೇ ಮಾದರಿಯ ಡಬ್ಬಿಯಾದರೆ ಬರ್ನರಿಗೂ ಅದೇ ದಾರಿಯಲ್ಲಿ ಕರೆಂಟು ಸಿಗುತ್ತೆ. ಕೆಂಪು ಸ್ವಿಚ್ಚು ಆಫ್. ಬೆಂಕಿ ಆನ್.

ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಓಆರ್ ಗೇಟಿನ ಮಿತ್ರ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಶುರುವಾಯಿತು ವಾದ. ಈ ವಾದಗಳನ್ನು ಬೇರೆ ಕಡೆಯೂ ಕೇಳಿದ್ದೇನೆ, ಹಾಗಾಗಿ ಒಟ್ಟಿಗೇ ಉತ್ತರ ಕೊಡುತ್ತೇನೆ.

'ಎರಡೂ ಒಟ್ಟಿಗೆ ಓಡೋದೇ ಇಲ್ಲ.' ಯಾರು ಹೇಳಿದ್ದು? ಕಟ್ಟಿಗೆ ಉರಿದು ಕೆಂಡವಾಗುವ ಹೊತ್ತಿಗೆ ಮನೆ ತಣ್ಣಗಾಗಿ ಎಣ್ಣೆ ಬಾಯ್ಲರ್ ಕೈ ಹಾಕುತ್ತೆ. ಕಟ್ಟಿಗೆ ನೀರು ಇನ್ನೂ ಬಿಸಿಯಾಗಿಯೇ ಇರುತ್ತೆ. ಆ ಅರ್ಧ ಗಂಟೆ ದಿನಾ ಬರುತ್ತೆ. ಎರಡೂ ಒಂದೇ ಪಂಪಿಗೆ ಸೇರಿರುವುದೇ ಅದು ಕೈ ಬಿಟ್ಟಾಗ ಇದು ಹಿಡಿಯಲಿ ಅಂತ, ಹಸ್ತಾಂತರದಲ್ಲಿ ಎರಡು ಕೈಯೂ ಒಂದು ಕ್ಷಣ ಹಿಡಿದಿರಲೇಬೇಕು.

'ಎರಡು ಬ್ರೇಕರ್ ಇದೆ ಅಂತ ನನಗೆ ಗೊತ್ತು, ಎರಡೂ ಆಫ್ ಮಾಡ್ತೀನಿ.' ನಿಮಗೆ ಗೊತ್ತು ಸ್ವಾಮಿ. ಎಣ್ಣೆ ಕಂಪನಿಯಿಂದ ವರ್ಷಕ್ಕೊಮ್ಮೆ ಬರ್ನರ್ ಕ್ಲೀನ್ ಮಾಡಲು ಬರುವ ಹುಡುಗನಿಗೆ ಗೊತ್ತಾ? ಅವನು ಕೆಂಪು ಸ್ವಿಚ್ಚು ಆಫ್ ಮಾಡುತ್ತಾನೆ, ಅವನ ಕೋರ್ಸಿನಲ್ಲಿ ಹಾಗೇ ಕಲಿಸಿದ್ದಾರೆ. ಕವರ್ ಬಿಚ್ಚುತ್ತಾನೆ. ನೀವು ಮೀಟಿಂಗಿನಲ್ಲಿ ಇರುತ್ತೀರಿ. ನಾಲ್ಕು ವರ್ಷದ ಮೇಲೆ ನೀವು ಆಸ್ಟಿನ್‌ಗೋ ಬೆಂಗಳೂರಿಗೋ ಹೊರಡುತ್ತೀರಿ, ಮನೆ ಮಾರುತ್ತೀರಿ. ಕೊಂಡವನಿಗೆ ಗೊತ್ತಾ? ಕೋಡಿನಲ್ಲಿ ಕಾಮೆಂಟ್ ಬರೆಯದವನನ್ನು ಪರ್ಫಾರ್ಮೆನ್ಸ್ ರಿವ್ಯೂನಲ್ಲಿ ಹಿಡಿದು ಝಾಡಿಸುವ ಜನ, ಮನೆಯ ಗೋಡೆಯಲ್ಲಿ ಮಾತ್ರ 'ನನ್ನ ತಲೆಯಲ್ಲಿದೆ' ಅಂತೀರಿ.

'ಬರೀ 120 ವೋಲ್ಟ್, ನಮ್ಮೂರಿನ 230ರ ಮುಂದೆ ಇದೇನು ಲೆಕ್ಕ?' ಈ ಮಾತು ಹೇಳುವವನ ಎದೆಯ ಹುರುಪಿಗೆ ಏನೂ ಹೇಳಲಾರೆ, ಹೃದಯದ ಬಗ್ಗೆ ಹೇಳಬಲ್ಲೆ. ಅದರ ಲಯ ಕೆಡಿಸಲು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಈ ಪಂಪು ಎಳೆಯುವುದೇ ಅದಕ್ಕಿಂತ ಹೆಚ್ಚು. ಬ್ರೇಕರ್ ಬೀಳುವುದು 15 ಆಂಪಿಯರ್ ದಾಟಿದ ಮೇಲೆ. ಅದು ತಂತಿ ಕಾಯುವುದಕ್ಕೆ ಇರುವುದು, ನಿಮ್ಮನ್ನಲ್ಲ. ನೆಲಮಾಳಿಗೆಯ ನೆಲ ಸಿಮೆಂಟಿನದು, ಎಷ್ಟೋ ಸಲ ಒದ್ದೆ. ಎಡಗೈ ತಾಮ್ರದ ಕೊಳವೆ ಮೇಲೆ ಇಟ್ಟುಕೊಂಡು ಬಲಗೈಯಲ್ಲಿ ತಂತಿ ಹಿಡಿಯುವುದು ಆ ಇಕ್ಕಟ್ಟಿನಲ್ಲಿ ತೀರಾ ಸಹಜವಾದ ಭಂಗಿ. ಅಂದರೆ ದಾರಿ ನೇರ ಎದೆಯ ಮೂಲಕ.

ಇನ್ನೊಂದು ವಾದ ಇದೆ, ಎಲ್ಲಕ್ಕಿಂತ ಬೇಜಾರು ತರಿಸುವಂಥದ್ದು. ನಮ್ಮ ಬಾಡಿಗೆ ಮನೆಯಲ್ಲಿದ್ದಾಗ ಇಂಥದೇ ಜೋಡಣೆ ನೋಡಿ ಮಾಲೀಕರಿಗೆ ಹೇಳಿದೆ. ಅವರು ಒಬ್ಬ ಕಂಟ್ರಾಕ್ಟರನ್ನು ಕಳಿಸಿದರು. ಆತ ಟಾರ್ಚ್ ಬಿಟ್ಟು ನೋಡಿ, 'ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಾ ಬಂದಿದೀನಿ, ಯಾರೂ ಸತ್ತಿಲ್ಲ' ಅಂದ. ಅಂದರೆ ಊರ ತುಂಬ ಎಷ್ಟು ಮನೆಯಲ್ಲಿ ಮಾಡಿಟ್ಟಿದ್ದಾನೆ ಅಂತ ಲೆಕ್ಕ ಹಾಕಿಕೊಳ್ಳಿ. ಬರೀ ಡಿಐವೈ ಶೋಕಿಯವರ ಮೇಲೆ ಗೂಬೆ ಕೂರಿಸಿ ಲೈಸೆನ್ಸ್ ಇರುವವರಿಗೆ ಆರತಿ ಎತ್ತುವ ಲೇಖನ ಇದಲ್ಲ ಅಂತ ಇದಕ್ಕೇ ಹೇಳಿದ್ದು. ಲೈಸೆನ್ಸ್ ಇದ್ದವನ ಕೈಯಲ್ಲೂ ಹಳದಿ ಟೋಪಿ ಅದೇ ಕೆಲಸ ಮಾಡುತ್ತೆ.

ಈ ದೇಶದಲ್ಲಿ ವೈರಿಂಗಿಗೆ ಒಂದು ಸಂಹಿತೆ ಇದೆ, ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘ ಪ್ರಕಟಿಸುವ ಎನ್‌ಇಸಿ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಅದರ 430ನೇ ವಿಧಿ ಪೂರ್ತಿ ಮೋಟರುಗಳದ್ದು, ಒಂದಕ್ಕಿಂತ ಹೆಚ್ಚು ಮೂಲದಿಂದ ಕರೆಂಟು ಪಡೆಯುವ ಮೋಟರಿನ ಬಗ್ಗೆಯೂ ಅದರಲ್ಲಿ ಮಾತಿದೆ. ಕಾರ್ಖಾನೆಗಳಿಗಂತೂ 1989ರಿಂದ ಬೀಗ ಹಾಕು, ಚೀಟಿ ಕಟ್ಟು ಅನ್ನುವ ಕಡ್ಡಾಯ ನಿಯಮ ಇದೆ: ಯಂತ್ರಕ್ಕೆ ಕೈ ಹಾಕುವ ಮುಂಚೆ ಅದಕ್ಕೆ ಶಕ್ತಿ ಬರುವ ಎಲ್ಲ ದಾರಿ ಮುಚ್ಚಿ, ಬೀಗ ಹಾಕಿ, ಕೀಲಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆ ನಿಯಮ ಮನೆಯೊಡೆಯನ ನೆಲಮಾಳಿಗೆಗೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವವನ ಕೈ ಮಾತ್ರ ಅದೇ ಮಾಂಸದ್ದು.

ಹಾಗಾದರೆ ಸರಿಯಾದ ದಾರಿ ಏನು? ಹೇಳಿದರೆ ನಗುತ್ತೀರಿ, ಅಷ್ಟು ಹಳೆಯದು. ಜೋಸೆಫ್ ಹೆನ್ರಿ 1835ರ ಸುಮಾರಿಗೆ ಮಾಡಿ ತೋರಿಸಿದ ರಿಲೇ. ಪಂಪಿಗೆ ಅದರದೇ ಒಂದು ಬ್ರೇಕರಿನಿಂದ ಕರೆಂಟು ಬರಲಿ, ಒಂದೇ ಕಡೆಯಿಂದ. ಪಂಪಿನ ಪಕ್ಕದಲ್ಲೇ ಒಂದು ಸ್ವಿಚ್ಚು ಇರಲಿ. ಆಮೇಲೆ ಎರಡು ರಿಲೇ. ಎಣ್ಣೆ ಬಾಯ್ಲರ್ ಮೊದಲ ರಿಲೇಯ ಸುರುಳಿಗೆ ಕರೆಂಟು ಕೊಡಲಿ, ಕಟ್ಟಿಗೆಯದು ಎರಡನೇ ರಿಲೇಯ ಸುರುಳಿಗೆ. ಸುರುಳಿ ಕಾಂತವಾಗಿ ಪಕ್ಕದ ಸಂಪರ್ಕವನ್ನು ಎಳೆದು ಮುಚ್ಚುತ್ತೆ. ಸುರುಳಿಗೂ ಸಂಪರ್ಕಕ್ಕೂ ವಿದ್ಯುತ್ತಿನ ನಂಟಿಲ್ಲ. ಎರಡು ರಿಲೇಯ ಸಂಪರ್ಕಗಳನ್ನು ಅಕ್ಕಪಕ್ಕ ಜೋಡಿಸಿ, ಪಂಪಿನ ತಂತಿ ಅವುಗಳ ಮೂಲಕ ಹೋಗಲಿ. ಯಾವುದು ಮುಚ್ಚಿದರೂ ಪಂಪು ಓಡುತ್ತೆ. ಎಣ್ಣೆಯ ಮಾತು ಪಂಪಿಗೆ ತಲುಪಿತು, ಎಣ್ಣೆಯ ಕರೆಂಟು ಮಾತ್ರ ಆಚೆ ದಾಟಲಿಲ್ಲ. ಇದೇ ನನ್ನ ಮಿತ್ರ ಕೇಳಿದ ಓಆರ್ ಗೇಟು, ನಿಜವಾದದ್ದು. ಇಬ್ಬರು ಬೇರೆ ಬೇರೆ ಟೀಮಿನವರು ಒಂದೇ ಡೇಟಾಬೇಸಿಗೆ ನೇರ ಕೈ ಹಾಕುತ್ತೇವೆ ಅಂದರೆ ನೀವು ಒಪ್ಪುತ್ತೀರಾ? ಮಧ್ಯೆ ಒಂದು ಇಂಟರ್‌ಫೇಸ್ ಇಡು ಅಂತೀರಿ. ಇಲ್ಲಿ ಆ ಇಂಟರ್‌ಫೇಸು ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಡಬ್ಬಿ ಸಮೇತ ರೆಡಿಮೇಡ್ ಸಿಗುತ್ತೆ, ಎರಡು ಸಂಸಾರ ಕೂಡಿ ಹೋಟೆಲ್ಲಿನಲ್ಲಿ ದೋಸೆ ತಿಂದ ಬಿಲ್ಲಿಗಿಂತ ಜಾಸ್ತಿ ಆಗಲ್ಲ.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಸುರುಳಿಗೆ ಸಿ1ರ 120 ವೋಲ್ಟೇ ಕೊಟ್ಟರೆ, ರಿಲೇ ಡಬ್ಬಿಯೊಳಗೆ ಎಣ್ಣೆಯ ಕರೆಂಟು, ಕಟ್ಟಿಗೆಯ ಕರೆಂಟು, ಪಂಪಿನ ಕರೆಂಟು ಮೂರೂ ಬಂದು ಕೂತಿರುತ್ತೆ. ಒಂದಕ್ಕೊಂದು ಸೇರುವುದಿಲ್ಲ, ಆದರೂ ಡಬ್ಬಿ ಬಿಚ್ಚುವವನಿಗೆ ಮೂರು ಹಾವು. ಸಾಧ್ಯವಾದ ಕಡೆ 24 ವೋಲ್ಟಿನಲ್ಲಿ ಸುದ್ದಿ ಕಳಿಸುವ ರಿಲೇ ಹಾಕಿ, ಆಗ ಡಬ್ಬಿಯಲ್ಲಿ ಕಚ್ಚುವ ಹಾವು ಒಂದೇ. ನ್ಯೂಟ್ರಲ್ ಕೂಡ ಪಂಪಿಗೆ ತನ್ನ ಬ್ರೇಕರಿನ ಜೊತೆ ಬಂದದ್ದೇ ಇರಲಿ. ಮೂರು ಕಡೆಯ ಬಿಳಿ ತಂತಿಗಳನ್ನು ಕಟ್ಟು ಕಟ್ಟುವುದು ಇನ್ನೊಂದು ಕೆಟ್ಟ ಚಾಳಿ.

ಪಂಪಿಗೆ ಬೇರೆ ಬ್ರೇಕರ್ ಏಕೆ, ಎಣ್ಣೆ ಬಾಯ್ಲರಿನ ಲೈನಿನಲ್ಲೇ ಹಾಕಿದರೆ ಸಾಲದೇ ಅಂತ ಕೇಳುವವರಿಗೆ ಒಂದು ಪ್ರಶ್ನೆ. ಕಟ್ಟಿಗೆಗೆ ಸ್ವಿಚ್ಚು ಎಲ್ಲಿದೆ? ಎಣ್ಣೆ ಬರ್ನರ್ ಕರೆಂಟು ಹೋದರೆ ಆರುತ್ತೆ. ಹೊಟ್ಟೆ ತುಂಬ ಮೇಪಲ್ ಕಟ್ಟಿಗೆ ತುಂಬಿಕೊಂಡು ಧಗಧಗ ಉರಿಯುವ ಬಾಯ್ಲರ್ ಯಾರ ಮಾತೂ ಕೇಳಲ್ಲ. ಯಾರೋ ಕೆಂಪು ಸ್ವಿಚ್ಚು ಒತ್ತಿ ಪಂಪೂ ನಿಂತರೆ, ಬಿಸಿ ಹೊತ್ತೊಯ್ಯುವ ನೀರು ನಿಂತಿತು, ಬೆಂಕಿ ನಿಲ್ಲಲಿಲ್ಲ. ನೀರು ಕುದಿಯುವತ್ತ ಏರಿ, ಒತ್ತಡ 30 ಪಿಎಸ್‌ಐ ದಾಟಿ, ಸೇಫ್ಟಿ ವಾಲ್ವ್ ಬಾಯಿ ತೆಗೆದು ನೆಲಮಾಳಿಗೆ ತುಂಬ ಆವಿ ಉಗುಳುತ್ತೆ. ಅದಕ್ಕೇ ತಿಳಿದವರು ಕಟ್ಟಿಗೆ ಬಾಯ್ಲರಿನ ಮೇಲೆ, ಎತ್ತರದಲ್ಲಿ, ಒಂದು ಸುತ್ತು ಕೊಳವೆ ಬಿಟ್ಟಿರುತ್ತಾರೆ. ಕರೆಂಟು ಇರುವಷ್ಟು ಹೊತ್ತು ಮುಚ್ಚಿದ್ದು, ಹೋದ ತಕ್ಷಣ ತಾನಾಗಿ ತೆರೆಯುವ ವಾಲ್ವ್ ಅದಕ್ಕೆ. ಬಿಸಿನೀರು ಹಗುರ, ಮೇಲೇರುತ್ತೆ, ತಣ್ಣಗಾಗಿ ಇಳಿಯುತ್ತೆ, ಪಂಪಿಲ್ಲದೆ ಶಾಖ ಹೊರಹೋಗುತ್ತೆ. ಇಲ್ಲಿ ಹಿಮಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ಅಪರೂಪದ ಸಂಗತಿಯೇನಲ್ಲ, ಮತ್ತು ಜನ ಕಟ್ಟಿಗೆ ಜಾಸ್ತಿ ತುಂಬುವುದು ಅಂಥ ರಾತ್ರಿಯಲ್ಲೇ. ಓಆರ್ ಗೇಟಿನ ಮನೆಯಲ್ಲಿ ಈ ಸುತ್ತೂ ಇರಲಿಲ್ಲ. 'ಜನರೇಟರ್ ಇದೆಯಲ್ಲ' ಅಂದ.

ಜನರೇಟರ್ ಅಂದದ್ದು ಒಳ್ಳೆಯದೇ ಆಯಿತು. ನಮ್ಮೂರಲ್ಲಿ ಜನರೇಟರ್ ಇಟ್ಟ ಅಂಗಡಿ, ಕಲ್ಯಾಣ ಮಂಟಪ, ಥಿಯೇಟರ್ ಎಲ್ಲಾದರೂ ಮೀಟರ್ ಬೋರ್ಡಿನ ಪಕ್ಕ ಒಂದು ದಪ್ಪ ಹಿಡಿಕೆಯ ಕಬ್ಬಿಣದ ಪೆಟ್ಟಿಗೆ ನೋಡಿರುತ್ತೀರಿ. ಚೇಂಜ್‌ಓವರ್. ಹಿಡಿಕೆ ಆ ಕಡೆ ಎಳೆದರೆ ಕೆಇಬಿ, ಈ ಕಡೆ ಎಳೆದರೆ ಜನರೇಟರ್, ನಡುವೆ ಬಿಟ್ಟರೆ ಎರಡೂ ಇಲ್ಲ. ಹಿಡಿಕೆ ಒಂದೇ ಸಲ ಎರಡು ಕಡೆ ಇರಲಾರದು. ಯಾಕೆ ಇಟ್ಟರು? ಜನರೇಟರಿನ ಕರೆಂಟು ಹಿಮ್ಮುಖವಾಗಿ ಲೈನಿಗೆ ಹೋದರೆ, ಕಂಬದ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗಿ ಏರಿ, ಲೈನ್ ಸತ್ತಿದೆ ಅಂತ ನಂಬಿ ಮೇಲೆ ಹತ್ತಿದ ಲೈನ್‌ಮನ್ ಸಾಯುತ್ತಾನೆ ಅಂತ. ಎಸ್ಸೆಸ್ಸೆಲ್ಸಿ ಪಾಸಾಗದ ಜನರೇಟರ್ ಹುಡುಗನಿಗೂ ಆ ಹಿಡಿಕೆಯ ಅರ್ಥ ಗೊತ್ತಿತ್ತು. ಅವನು ಮದುವೆ ಮನೆಯಲ್ಲಿ ಹಿಡಿಕೆ ಎಳೆಯದೆ ಜನರೇಟರ್ ಹಗ್ಗ ಎಳೆದದ್ದನ್ನು ನಾನಂತೂ ನೋಡಿಲ್ಲ. ಆ ಊರಿನಿಂದಲೇ ಬಂದು, ಎರಡು ಡಿಗ್ರಿ ಮಾಡಿ, ಇಲ್ಲಿ ಎರಡು ಮೂಲದ ಕರೆಂಟನ್ನು ಟೋಪಿಯಲ್ಲಿ ಸೇರಿಸುವವರಿಗೆ ಏನು ಹೇಳೋಣ?

ನನಗೆ ಅನಿಸುವುದು ಇಷ್ಟು. ನಮ್ಮ ಪೈಕಿಯವರಿಗೆ ವೈರಿಂಗ್ ಅಂದರೆ ಕೀಳು ಕೆಲಸ ಅನ್ನುವ ಭಾವನೆ ಊರಿನಿಂದಲೇ ಬಂದಿದೆ. ಇಲ್ಲಿ ಕೂಲಿ ದುಬಾರಿಯಾದ್ದರಿಂದ ಕೈಗೆ ಇಕ್ಕಳ ಬಂತು, ಗೌರವ ಮಾತ್ರ ಬರಲಿಲ್ಲ. ಅದೇ ಮನುಷ್ಯ ಆಫೀಸಿನಲ್ಲಿ ಒಂದು ಸಾಲಿನ ಬದಲಾವಣೆಗೆ ಮೂವರ ರಿವ್ಯೂ ಕೇಳುತ್ತಾನೆ. ಮನೆಯಲ್ಲಿ, ಮಕ್ಕಳು ಮಲಗುವ ಕೋಣೆಯ ನೇರ ಕೆಳಗೆ, ಬೆಂಕಿ, ನೀರು, ಕರೆಂಟು ಮೂರೂ ಸೇರುವ ಜಾಗದಲ್ಲಿ ಹತ್ತು ನಿಮಿಷದ ವಿಡಿಯೋ ನೋಡಿ ತಂತಿ ತಿರುಚುತ್ತಾನೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಂತ ನಾನು ಹೇಳುತ್ತಿಲ್ಲ, ಕರೆಸಿದರೂ ಏನಾಗಬಹುದು ಅಂತ ಮೇಲೆ ಹೇಳಿದೆ. ನಿಮ್ಮ ರಾಜ್ಯದ ಕಾನೂನು ಒಪ್ಪಿದರೆ, ಪರ್ಮಿಟ್ ತೆಗೆದು, ಇನ್‌ಸ್ಪೆಕ್ಟರ್ ಬಂದು ನೋಡುವಂತೆ, ನೀವೇ ಮಾಡಿ. ಮಾಡಿದ ಮೇಲೆ ಒಂದೊಂದೇ ಸ್ವಿಚ್ಚು ಆಫ್ ಮಾಡಿ, ಪ್ರತಿ ಡಬ್ಬಿಯಲ್ಲೂ ಮೀಟರ್ ಇಟ್ಟು ನೋಡಿ: ಎರಡೂ ಒಲೆ ಪಂಪು ಕೇಳುತ್ತಿರುವಾಗ ಕೆಂಪು ಸ್ವಿಚ್ಚು ಆಫ್ ಮಾಡಿದರೆ ಎಣ್ಣೆ ಡಬ್ಬಿಯಲ್ಲಿ ಸೊನ್ನೆ ಬರಬೇಕು, ಮತ್ತು ಪಂಪು ಓಡುತ್ತಲೇ ಇರಬೇಕು. ಒಂದು ವೇಳೆ ಸೊನ್ನೆ ಬಾರದಿದ್ದರೆ ನಿಮ್ಮ ಮನೆಯಲ್ಲಿ ಹಳದಿ ಟೋಪಿ ಎಲ್ಲೋ ಅಡಗಿದೆ, ಹುಡುಕಿ.

ಕೊನೆಗೆ ಎರಡು ಡಾಲರಿನ ಕಪ್ಪು ಮಾರ್ಕರ್ ತಗೊಂಡು ರಿಲೇ ಡಬ್ಬಿಯ ಮುಚ್ಚಳದ ಮೇಲೆ, ಇಲ್ಲಿಯವರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯಿರಿ: ಈ ಡಬ್ಬಿಗೆ ಎಷ್ಟು ಕಡೆಯಿಂದ ಕರೆಂಟು ಬರುತ್ತೆ, ಪ್ರತಿಯೊಂದರ ಬ್ರೇಕರ್ ನಂಬರ್ ಎಷ್ಟು, ಕಟ್ಟಿಗೆ ಉರಿಯುವಾಗ ಪಂಪಿನ ಯಾವ ಸ್ವಿಚ್ಚು ಮುಟ್ಟಬಾರದು. ಕೆಳಗೆ ತಾರೀಕು ಹಾಕಿ. ಅದೇ ಮೂರು ಸಾಲನ್ನು ಮೆಟ್ಟಿಲ ತಲೆಯ ಕೆಂಪು ಸ್ವಿಚ್ಚಿನ ಪಕ್ಕದಲ್ಲೂ ಅಂಟಿಸಿ, ಎಣ್ಣೆ ಕಂಪನಿಯ ಹುಡುಗ ಮೊದಲು ನೋಡುವುದು ಅಲ್ಲಿ.